ಲಕ್ವಾ ಎಂಬ ಮಾತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಲ್ಲಿ ಪಾರ್ಶ್ವವಾಯು ಎಂದರೆ ತಿಳಿಯದವರುಂಟು. 'ಲಕ್ವಾ ಹೊಡದೈತಿ' ಎಂದರೆ ಎಲ್ಲರಿಗೂ ತಿಳಿಯುತ್ತದೆ. 1948ರವರೆಗೆ ಇದು ನಿಜಾಮರ ಸೀಮೆ. ಕೊಪ್ಪಳವಂತೂ ಸಾಲಾರಜಂಗರ ಜಹಗೀರು. ಮಾತು ಉರ್ದುವಿನ ದಾರಿಯಿಂದ ಬಂದದ್ದು, ಮೂಲ ಅರಬ್ಬಿ. ಯುನಾನಿ ಹಕೀಮರಲ್ಲಿ ಅದಕ್ಕೆ ಮುಖ ಸೊಟ್ಟಗಾಗುವುದೆಂದೇ ಅರ್ಥ. ಸಂಸ್ಕೃತದ ಪಕ್ಷಾಘಾತವಾದರೆ ಮೈಯ ಒಂದು ಮಗ್ಗುಲಿಗೆ ಬಿದ್ದ ಪೆಟ್ಟು. ಎರಡೂ ಕಣ್ಣಿಗೆ ಕಂಡದ್ದನ್ನೇ ಹಿಡಿದಿಟ್ಟ ಹೆಸರುಗಳು. ಕಾಣದೆ ಹೊಡೆಯುವ ಲಕ್ವಾಕ್ಕೆ ಹೆಸರೇ ಇರಲಿಲ್ಲ.

ಅಂಥದೊಂದು ಉಂಟು. ಮೆದುಳಿನ ಸಣ್ಣ ನಾಳವೊಂದು ಮುಚ್ಚಿ ಅದರ ಪಾಲಿನ ಭಾಗ ಸಾಯುತ್ತದೆ. ಕೈ ಸೋಲದು, ಮಾತು ತೊದಲದು. ಇಂಥ ಗಾಯಗಳು ಕೂಡುತ್ತ ಹೋದಂತೆ ನೆನಪು ಮಾಸುತ್ತದೆ, ನಡಿಗೆ ತಡವರಿಸುತ್ತದೆ, ದೊಡ್ಡ ಹೊಡೆತದ ಭಯವೂ ಹೆಚ್ಚುತ್ತದೆ. ಮನೆಯವರು 'ವಯಸ್ಸಾತಲ್ಲ' ಎಂದು ಸುಮ್ಮನಾಗುತ್ತಾರೆ.

ಪೆಟ್ಟಿನ ಮೂಲ ಕೆಲವೊಮ್ಮೆ ಎದೆಯಲ್ಲಿರುತ್ತದೆ. ಒಂದೆಡೆ ಹೆಪ್ಪುಗಟ್ಟಿದ ರಕ್ತದ ತುಣುಕು ಹರಿದು ಇನ್ನೊಂದೆಡೆಯ ನಾಳವನ್ನು ಮುಚ್ಚಬಲ್ಲದೆಂದು ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯ ವಿರ್ಖೋ ತೋರಿಸಿದನು. ಅವನು ಹೆಣ ಕೊಯ್ದು ನೋಡಿದವನು. ಬದುಕಿದವರ ಎದೆಯೊಳಗನ್ನು ನೋಡುವ ಬಗೆ ಹೇಗೆ? 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದ ಎಡ್ಲರ್, ಹರ್ಟ್ಸ್ ಎಂಬಿಬ್ಬರು, ಲೋಹದ ಬಿರುಕು ಹುಡುಕುವಂಥ ಯಂತ್ರದ ಕಿವಿಗೆ ಕೇಳದ ಧ್ವನಿಯಿಂದ ಹೃದಯದ ಚಲನೆಯನ್ನು ಗುರುತಿಸಿದರು. ಚಲಿಸುವ ವಸ್ತುವಿನಿಂದ ಬರುವ ಅಲೆಯ ಕಂಪನ ಬದಲಾಗುವುದೆಂದು 1842ರಲ್ಲಿ ಡಾಪ್ಲರ್ ಹೇಳಿದ್ದನು. ಅವನು ಯೋಚಿಸಿದ್ದು ನಕ್ಷತ್ರಗಳನ್ನು ಕುರಿತು! ಆ ತತ್ತ್ವವನ್ನು ಜಪಾನಿನ ಸಟೊಮುರ 1950ರ ದಶಕದಲ್ಲಿ ಹೃದಯಕ್ಕೆ ಹೂಡಿದನು. ಇಂದು ಎಂ.ಆರ್.ಐ. ಯಂತ್ರ ರಕ್ತದ ವೇಗ, ದಿಕ್ಕು, ಸುಳಿಗಳನ್ನೂ ಚಿತ್ರಿಸುತ್ತದೆ.

ಆರೋಗ್ಯವಂತನ ಹೃದಯದ ಎಡ ಮೇಲ್ಗೋಣೆಯಲ್ಲಿ ರಕ್ತ ಸುಳಿಯಾಗಿ ತಿರುಗಿ ಕೆಳಗಿಳಿಯುತ್ತದೆ. ತುಂಗಭದ್ರೆಯ ಕಾಲುವೆ ಬಲ್ಲ ಗಂಗಾವತಿಯ ರೈತನಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ನೀರು ನಿಧಾನವಾದಲ್ಲಿ ಹೂಳು, ರಕ್ತ ನಿಧಾನವಾದಲ್ಲಿ ಹೆಪ್ಪು. ಈ ಸುಳಿ ಕುಗ್ಗಿದವರ ಮೆದುಳಿನಲ್ಲಿ ಹೆಪ್ಪು ಸಿಲುಕಿದ ಗಾಯಗಳು ಹೆಚ್ಚಾಗಿ ಕಂಡುವೆಂದು, ಹೃದಯದ ಲಯ ಹೇಗೇ ಇರಲಿ ಈ ನಂಟು ಉಳಿಯುತ್ತದೆಂದು, 2023ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ಪ್ರಕಟಿಸಿದರು. ನಂಟು ಕಂಡಿತೆಂದ ಮಾತ್ರಕ್ಕೆ ಕಾರಣ ಸಿದ್ಧವಾಯಿತೆನ್ನಲಾಗದು; ಆದರೂ ದೊಡ್ಡ ಸುಳಿವು.

ನಮ್ಮ ಕಡೆಗೆ ವೈದ್ಯಕೀಯ ಕಾಲೇಜು ಬಂದದ್ದೇ 2015ರಲ್ಲಿ, ಕೊಪ್ಪಳಕ್ಕೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ 2016ರಲ್ಲಿ ಕಲಬುರಗಿಗೆ ಬಂತು. ಸುಳಿಯನ್ನು ಚಿತ್ರಿಸುವ ಪರೀಕ್ಷೆ ಇನ್ನೂ ಸಂಶೋಧಕರ ಕೈಯಲ್ಲೇ ಇದೆ. ನಾಡಿ ಹಿಡಿದು ಲಯ ತಪ್ಪಿದೆಯೇ ಎಂದು ನೋಡಲು, ರಕ್ತದೊತ್ತಡ ಅಳೆಯಲು ಮಾತ್ರ ಯಲಬುರ್ಗಾ ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ.