ಬಹುದಿನಗಳ ಚಾರಣದಲ್ಲಿ ಮೊಬೈಲ್ ದೂರವಾಣಿಯ ಚಾರ್ಜ್ ಉಳಿಸಿಕೊಳ್ಳುವ ಕ್ರಮ: ಚಾರಣಾರ್ಥಿಗಳಿಗೆ ಮಾಹಿತಿ

1. ಪೀಠಿಕೆ

ರಾಜ್ಯದಿಂದ ಪ್ರತಿ ವರ್ಷ ಅನೇಕ ಮಂದಿ ಹಿಮಾಲಯದ ಚಾರಣ ಮಾರ್ಗಗಳಿಗೆ ತೆರಳುತ್ತಾರೆ. ಎಂಟು ಹತ್ತು ದಿನಗಳ ಇಂತಹ ನಡಿಗೆಯಲ್ಲಿ ಹಲವು ದಿನ ವಿದ್ಯುತ್ ಸಂಪರ್ಕವೂ ಮೊಬೈಲ್ ಸಂಕೇತವೂ ದೊರೆಯುವುದಿಲ್ಲ. ನಕ್ಷೆ, ಕ್ಯಾಮೆರಾ, ಗಡಿಯಾರ, ಗುರುತಿನ ದಾಖಲೆ ಹಾಗೂ ತುರ್ತು ಕರೆ ಇವೆಲ್ಲಕ್ಕೂ ಇಂದು ಒಂದೇ ಮೊಬೈಲನ್ನು ಅವಲಂಬಿಸಲಾಗುತ್ತಿರುವುದರಿಂದ, ಅದರ ಬ್ಯಾಟರಿ ಬರಿದಾದಲ್ಲಿ ಇವೆಲ್ಲವೂ ಒಮ್ಮೆಗೇ ಇಲ್ಲವಾಗುತ್ತವೆ.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಮಾರ್ಗದಲ್ಲಿ 22 ಜನರ ತಂಡವೊಂದು ಹಿಮಗಾಳಿಗೆ ಸಿಲುಕಿ 9 ಮಂದಿ ಮೃತಪಟ್ಟರು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರಾಗಿದ್ದರು. ಸಂಕೇತ ದೊರೆಯುವ ಸ್ಥಳದವರೆಗೆ ಇಳಿದುಬಂದು ಸುದ್ದಿ ಮುಟ್ಟಿಸಿದ ನಂತರವೇ ರಕ್ಷಣಾ ಕಾರ್ಯ ಆರಂಭವಾಗಲು ಸಾಧ್ಯವಾಯಿತು. ಮೊಬೈಲಿನ ಚಾರ್ಜ್ ಹಿಮಗಾಳಿಯನ್ನು ತಡೆಯಲಾರದು. ಆದರೆ ಕಷ್ಟಪಟ್ಟು ಸಂಕೇತವಿರುವ ಸ್ಥಳವನ್ನು ತಲುಪಿದವರ ಕೈಯಲ್ಲಿ ಕೆಲಸ ಮಾಡುವ ಮೊಬೈಲ್ ಇರಲೇಬೇಕು. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

2. ಮೂಲ ನಿಯಮ

ಮೊಬೈಲಿನ ಬ್ಯಾಟರಿಯಲ್ಲಿ ಕೊನೆಯ ಶೇ. 30ರಷ್ಟು ಚಾರ್ಜನ್ನು ತುರ್ತು ಮೀಸಲು ಎಂದು ಪರಿಗಣಿಸತಕ್ಕದ್ದು. ಛಾಯಾಚಿತ್ರಕ್ಕಾಗಲೀ, ಹಾಡು ಕೇಳುವುದಕ್ಕಾಗಲೀ, ಡೇರೆಯಲ್ಲಿ ಬೆಳಕಿಗಾಗಲೀ ಈ ಮೀಸಲನ್ನು ಬಳಸಬಾರದು. ಉಳಿದ ಎಲ್ಲ ಸೂಚನೆಗಳೂ ಈ ಮೀಸಲನ್ನು ಚಾರಣದ ಕೊನೆಯ ದಿನದವರೆಗೆ ಕಾಪಾಡುವುದಕ್ಕೆ ಸಂಬಂಧಿಸಿವೆ.

3. ಹೊರಡುವ ಮುನ್ನ ಲೆಕ್ಕಾಚಾರ

(ಅ) ಪವರ್ ಬ್ಯಾಂಕಿನ ನಿಜವಾದ ಸಾಮರ್ಥ್ಯ: ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಎಂದು ಮುದ್ರಿತವಾಗಿದ್ದಲ್ಲಿ, 5,000 ಎಂಎಎಚ್ ಬ್ಯಾಟರಿಯ ಮೊಬೈಲನ್ನು ಎರಡು ಬಾರಿ ತುಂಬಬಹುದೆಂದು ಭಾವಿಸುವುದು ಸಾಮಾನ್ಯ. ಇದು ಸರಿಯಲ್ಲ. ಮುದ್ರಿತ ಸಂಖ್ಯೆಯು ಒಳಗಿನ ಕೋಶಗಳ 3.7 ವೋಲ್ಟ್ ಮಟ್ಟದ್ದು. ಹೊರಗೆ 5 ವೋಲ್ಟ್‌ಗೆ ಏರಿಸುವಾಗ ಒಂದು ಭಾಗ, ಮೊಬೈಲ್ ಚಾರ್ಜ್ ಆಗುವಾಗ ಮತ್ತೊಂದು ಭಾಗ ಶಾಖವಾಗಿ ನಷ್ಟವಾಗುತ್ತದೆ. ಆದುದರಿಂದ 10,000 ಎಂಎಎಚ್‌ಗೆ ಸುಮಾರು ಒಂದೂವರೆ ಬಾರಿ, 20,000 ಎಂಎಎಚ್‌ಗೆ ಸುಮಾರು ಮೂರು ಬಾರಿ ಎಂದು ಲೆಕ್ಕ ಹಿಡಿಯುವುದು ಸುರಕ್ಷಿತ.

(ಆ) ದಿನದ ಖರ್ಚು: ಪ್ರತಿ ಮೊಬೈಲಿನ ಖರ್ಚು ಬೇರೆ ಬೇರೆ. ಹೊರಡುವ ಕೆಲವು ವಾರಗಳ ಮೊದಲು ಸಮೀಪದ ಬೆಟ್ಟವೊಂದರಲ್ಲಿ ಒಂದು ದಿನ ನಡೆದು, ಚಾರಣದಲ್ಲಿ ಬಳಸುವ ರೀತಿಯಲ್ಲಿಯೇ ಮೊಬೈಲನ್ನು ಬಳಸಿ, ಬೆಳಿಗ್ಗೆ ಮತ್ತು ಸಂಜೆಯ ಶೇಕಡಾ ಪ್ರಮಾಣವನ್ನು ಬರೆದಿಟ್ಟುಕೊಳ್ಳುವುದು. ಇವೆರಡರ ವ್ಯತ್ಯಾಸವೇ ದಿನದ ಖರ್ಚು.

(ಇ) ಉದಾಹರಣೆ: ಎಂಟು ದಿನಗಳ ಚಾರಣಕ್ಕೆ ಹವಾಮಾನದ ವಿಳಂಬವೆಂದು ಎರಡು ದಿನ ಸೇರಿಸಿ ಹತ್ತು ದಿನ ಎಂದಿಟ್ಟುಕೊಳ್ಳಲಾಗಿದೆ.

ಜಮೆ: ಪೂರ್ತಿ ತುಂಬಿದ ಮೊಬೈಲ್ ಶೇ. 100, 10,000 ಎಂಎಎಚ್ ಪವರ್ ಬ್ಯಾಂಕ್ ಶೇ. 150, ಒಟ್ಟು ಶೇ. 250.

ಖರ್ಚು, ದಿನಕ್ಕೆ ಶೇ. 25ರಂತೆ: ಹತ್ತು ದಿನಕ್ಕೆ ಶೇ. 250; ಮೀಸಲು ಶೇ. 30, ಒಟ್ಟು ಶೇ. 280. ಕೊರತೆ ಶೇ. 30.

ಖರ್ಚು, ದಿನಕ್ಕೆ ಶೇ. 20ರಂತೆ: ಹತ್ತು ದಿನಕ್ಕೆ ಶೇ. 200, ಮೀಸಲು ಶೇ. 30, ಒಟ್ಟು ಶೇ. 230. ಉಳಿಕೆ ಶೇ. 20.

ಮೊದಲನೆಯ ಲೆಕ್ಕದಲ್ಲಿ ಕೊರತೆಯಾಗಿರುವುದು ಸರಿಯಾಗಿ ಮೀಸಲಿನಷ್ಟೇ ಎಂಬುದನ್ನು ಗಮನಿಸುವುದು. ಅಂದರೆ ಮೊಬೈಲ್ ಬರಿದಾಗುವುದು ಹತ್ತನೆಯ ದಿನದಂದು, ಎಂದರೆ ವಿಳಂಬವಾಗಿ ಆಹಾರವೂ ಮುಗಿಯುತ್ತ ಬಂದಿರುವ ದಿನದಂದು. ದಿನಕ್ಕೆ ಕೇವಲ ಶೇ. 5ರಷ್ಟು ಉಳಿತಾಯದಿಂದ, ಮತ್ತೊಂದು ಪವರ್ ಬ್ಯಾಂಕ್ ಹೊರದೆಯೇ, ಈ ಕೊರತೆ ನೀಗುತ್ತದೆ.

4. ಪವರ್ ಬ್ಯಾಂಕ್ ಖರೀದಿ

ಪವರ್ ಬ್ಯಾಂಕುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಖರೀದಿಸುವಾಗ ಬ್ಯೂರೋದ ಗುರುತು ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುವುದನ್ನು ಪರಿಶೀಲಿಸುವುದು. ಈ ಸಂಖ್ಯೆಯನ್ನು ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ತಾಳೆ ನೋಡಬಹುದು. ಉಬ್ಬಿರುವ, ಬಿರುಕು ಬಿಟ್ಟಿರುವ ಅಥವಾ ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗುವ ಪವರ್ ಬ್ಯಾಂಕನ್ನು ಚಾರಣಕ್ಕೆ ಒಯ್ಯಬಾರದು.

5. ಪ್ರಯಾಣದ ಹಂತದಲ್ಲಿ

(ಅ) ರೈಲು: ಬೋಗಿಗಳಲ್ಲಿನ ಮೊಬೈಲ್ ಚಾರ್ಜಿಂಗ್ ಸಾಕೆಟ್‌ಗಳಿಗೆ ರಾತ್ರಿ 11 ಗಂಟೆಯಿಂದ ಬೆಳಿಗ್ಗೆ 5 ಗಂಟೆಯವರೆಗೆ ವಿದ್ಯುತ್ ಕಡಿತಗೊಳಿಸುವ ಕ್ರಮವನ್ನು ರೈಲ್ವೆಯು 2021ರ ಮಾರ್ಚ್‌ನಲ್ಲಿ ಜಾರಿಗೆ ತಂದಿತು. 2013ರ ಡಿಸೆಂಬರ್ 28ರ ಮುಂಜಾವಿನಲ್ಲಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಬೆಂಕಿ ಬಿದ್ದು 26 ಪ್ರಯಾಣಿಕರು ಮೃತಪಟ್ಟ ನಂತರ ರೈಲ್ವೆ ಸುರಕ್ಷತಾ ಆಯುಕ್ತರು ಇಂತಹ ಶಿಫಾರಸು ಮಾಡಿದ್ದರು. ಆದುದರಿಂದ ರಾತ್ರಿ ಮಲಗುವಾಗ ಚಾರ್ಜ್‌ಗೆ ಹಾಕಿ ಬೆಳಿಗ್ಗೆ ತೆಗೆದುಕೊಳ್ಳಬಹುದೆಂದು ನಂಬದೆ, ಹಗಲಿನಲ್ಲಿಯೇ ಚಾರ್ಜ್ ಮಾಡಿಕೊಳ್ಳುವುದು.

(ಆ) ವಿಮಾನ: ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಒಯ್ಯತಕ್ಕದ್ದು, ತಪಾಸಣೆಗೆ ಒಪ್ಪಿಸುವ ಸಾಮಾನಿನಲ್ಲಿ ಇಡುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿದರೆ ವ್ಯಾಟ್-ಅವರ್ ದೊರೆಯುತ್ತದೆ. ಇದರಂತೆ 10,000 ಎಂಎಎಚ್ ಎಂದರೆ 37, 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್. ಸಾಮರ್ಥ್ಯದ ಮುದ್ರಣ ಅಳಿಸಿಹೋಗಿದ್ದಲ್ಲಿ ಭದ್ರತಾ ತಪಾಸಣೆಯಲ್ಲಿ ತಡೆಹಿಡಿಯುವ ಸಂಭವವಿದೆ. ವಿಮಾನದೊಳಗೆ ಪವರ್ ಬ್ಯಾಂಕ್ ಬಳಸದಿರುವುದು.

(ಇ) ಕೊನೆಯ ಊರು: ನಡಿಗೆ ಆರಂಭವಾಗುವ ಊರಿನಲ್ಲಿ ಮೊಬೈಲ್ ಮತ್ತು ಪವರ್ ಬ್ಯಾಂಕ್ ಎರಡನ್ನೂ ಪೂರ್ತಿ ತುಂಬಿಸಿಕೊಳ್ಳುವುದು. ಪವರ್ ಬ್ಯಾಂಕ್ ತುಂಬಲು ಹಲವು ಗಂಟೆ ಬೇಕಾಗುವುದರಿಂದಲೂ, ಬೆಟ್ಟದ ಊರುಗಳಲ್ಲಿ ವಿದ್ಯುತ್ ಆಗಾಗ್ಗೆ ನಿಲುಗಡೆಯಾಗುವುದರಿಂದಲೂ, ತಲುಪಿದ ಕೂಡಲೇ ಚಾರ್ಜ್‌ಗೆ ಹಾಕುವುದು ಸೂಕ್ತ.

6. ನಡಿಗೆಯ ದಿನಗಳಲ್ಲಿ ಉಳಿತಾಯ

(ಅ) ಏರೋಪ್ಲೇನ್ ಮೋಡ್: ಸಂಕೇತ ದುರ್ಬಲವಾಗಿರುವ ಅಥವಾ ಇಲ್ಲದಿರುವ ಸ್ಥಳದಲ್ಲಿ ಮೊಬೈಲು ಗೋಪುರವನ್ನು ಎಡೆಬಿಡದೆ ಹುಡುಕುತ್ತ, ಪ್ರಸರಣದ ಶಕ್ತಿಯನ್ನೂ ಹೆಚ್ಚಿಸಿಕೊಳ್ಳುತ್ತದೆ. ಜೇಬಿನಲ್ಲಿ ಸುಮ್ಮನೆ ಇದ್ದ ಮೊಬೈಲು ಸಂಜೆಯ ವೇಳೆಗೆ ಬರಿದಾಗಲು ಇದೇ ಮುಖ್ಯ ಕಾರಣ. ಆದುದರಿಂದ ನಡಿಗೆಯ ಆರಂಭದಲ್ಲಿಯೇ ಏರೋಪ್ಲೇನ್ ಮೋಡ್‌ಗೆ ಹಾಕತಕ್ಕದ್ದು.

(ಆ) ನಕ್ಷೆ: ಜಿಪಿಎಸ್ ವ್ಯವಸ್ಥೆಯು ಉಪಗ್ರಹಗಳಿಂದ ಸಂಕೇತವನ್ನು ಸ್ವೀಕರಿಸುತ್ತದೆಯೇ ಹೊರತು ಕಳುಹಿಸುವುದಿಲ್ಲ. ಹೆಚ್ಚಿನ ಮೊಬೈಲುಗಳಲ್ಲಿ ಇದು ಏರೋಪ್ಲೇನ್ ಮೋಡ್‌ನಲ್ಲಿಯೂ ಕೆಲಸ ಮಾಡುತ್ತದೆ. ಮಾರ್ಗದ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡು, ಕವಲು ದಾರಿ ಬಂದಾಗ ಮಾತ್ರ ತೆರೆದು ನೋಡುವುದು.

(ಇ) ಪರದೆ: ಪರದೆಯ ಬೆಳಕನ್ನು ತಗ್ಗಿಸುವುದು. ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳು, ಬ್ಲೂಟೂತ್ ಹಾಗೂ ವೈ-ಫೈ ನಿಲ್ಲಿಸುವುದು. ತೆಗೆದ ಚಿತ್ರಗಳನ್ನು ಪ್ರತಿ ರಾತ್ರಿ ಡೇರೆಯಲ್ಲಿ ಮತ್ತೆ ಮತ್ತೆ ನೋಡುವುದನ್ನು ಮನೆಗೆ ಹಿಂದಿರುಗಿದ ನಂತರಕ್ಕೆ ಇಟ್ಟುಕೊಳ್ಳುವುದು.

(ಈ) ಬೆಳಕು: ಮೊಬೈಲಿನ ಟಾರ್ಚನ್ನು ದಾರಿ ನಡೆಯಲು ಬಳಸಬಾರದು. ತಲೆಗೆ ಕಟ್ಟುವ ಪ್ರತ್ಯೇಕ ಟಾರ್ಚ್ ಮತ್ತು ಹೆಚ್ಚುವರಿ ಸೆಲ್‌ಗಳನ್ನು ಒಯ್ಯತಕ್ಕದ್ದು.

(ಉ) ದಾಖಲೆಗಳು: ಅನುಮತಿ ಪತ್ರ ಹಾಗೂ ಗುರುತಿನ ಚೀಟಿಯ ಪ್ರತಿಗಳನ್ನು ಕಾಗದದಲ್ಲಿಯೂ ಇಟ್ಟುಕೊಳ್ಳುವುದು. ಮನೆಯವರ ಹಾಗೂ ತಂಡದ ನಾಯಕರ ದೂರವಾಣಿ ಸಂಖ್ಯೆಗಳನ್ನು ಕೈಯಿಂದ ಬರೆದುಕೊಳ್ಳುವುದು. ಮೊಬೈಲ್ ಬರಿದಾದಾಗ ಮತ್ತೊಬ್ಬರ ಮೊಬೈಲಿನಿಂದ ಕರೆ ಮಾಡಲು ಇದು ಅಗತ್ಯ.

(ಊ) ತಂಡದಲ್ಲಿ ಸರದಿ: ಆರು ಜನರ ತಂಡದಲ್ಲಿ ಆರು ಮೊಬೈಲುಗಳೂ ಏಕಕಾಲಕ್ಕೆ ಚಾಲನೆಯಲ್ಲಿರುವ ಅವಶ್ಯಕತೆಯಿಲ್ಲ. ದಿನಕ್ಕೆ ಇಬ್ಬರಂತೆ ಸರದಿ ನಿಗದಿಪಡಿಸಿ, ಉಳಿದವರು ಮೊಬೈಲನ್ನು ಪೂರ್ತಿ ಆರಿಸಿಡಬಹುದು. ತಂಡದಲ್ಲಿ ಬೇರೆ ಬೇರೆ ಕಂಪನಿಗಳ ಸಿಮ್ ಇರುವುದು ಉತ್ತಮ.

7. ಚಳಿಯಲ್ಲಿ ಬ್ಯಾಟರಿಯ ರಕ್ಷಣೆ

ಲಿಥಿಯಂ ಅಯಾನ್ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯು ಚಳಿಯಲ್ಲಿ ಮಂದವಾಗುತ್ತದೆ. ಆಗ ಶೇ. 30 ತೋರಿಸುತ್ತಿದ್ದ ಮೊಬೈಲು ಏಕಾಏಕಿ ಆರಿಹೋಗಬಹುದು. ಬೆಚ್ಚಗಾದ ಮೇಲೆ ಉಳಿದ ಚಾರ್ಜ್ ಬಹುಪಾಲು ಮರಳಿ ದೊರೆಯುವುದರಿಂದ ಗಾಬರಿಗೊಳ್ಳುವ ಅಗತ್ಯವಿಲ್ಲ. ಕೆಳಕಂಡ ಕ್ರಮಗಳನ್ನು ಅನುಸರಿಸುವುದು.

(ಅ) ಹಗಲಿನಲ್ಲಿ ಮೊಬೈಲನ್ನು ಬೆನ್ನುಚೀಲದ ಹೊರಜೇಬಿನಲ್ಲಿ ಇಡದೆ, ಮೈಗೆ ತಾಗುವ ಒಳಜೇಬಿನಲ್ಲಿ ಇಡುವುದು.

(ಆ) ರಾತ್ರಿ ಮೊಬೈಲ್ ಮತ್ತು ಪವರ್ ಬ್ಯಾಂಕ್ ಎರಡನ್ನೂ, ಒಂದಕ್ಕೊಂದು ಜೋಡಿಸದೆ, ಮಲಗುವ ಚೀಲದೊಳಗೆ ಇಟ್ಟುಕೊಳ್ಳುವುದು.

(ಇ) ಬ್ಯಾಟರಿಯು 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವಾಗ ಚಾರ್ಜ್ ಮಾಡಬಾರದು. ಇದರಿಂದ ಬ್ಯಾಟರಿಗೆ ಶಾಶ್ವತ ಹಾನಿಯಾಗುತ್ತದೆ. ಮೊದಲು ಮೈಶಾಖದಿಂದ ಬೆಚ್ಚಗಾಗಿಸಿ, ನಂತರ ಮಲಗುವ ಮುನ್ನ ಎಚ್ಚರವಿರುವಾಗಲೇ ಚಾರ್ಜ್ ಮುಗಿಸುವುದು.

(ಈ) ಬೆಂಕಿ, ಒಲೆ ಅಥವಾ ಬಿಸಿನೀರಿನ ಪಾತ್ರೆಯ ಬಳಿ ಇಟ್ಟು ಬಿಸಿ ಮಾಡಬಾರದು.

8. ಸೌರಫಲಕ ಹಾಗೂ ದಾರಿಯಲ್ಲಿ ಚಾರ್ಜ್

ಮಡಚುವ ಸೌರಫಲಕದ ಮೇಲೆ ಮುದ್ರಿತವಾದ ವ್ಯಾಟ್ ಸಂಖ್ಯೆಯು ಪ್ರಖರ ಬಿಸಿಲು ನೇರವಾಗಿ ಬಿದ್ದಾಗಿನದು. ನಡೆಯುವಾಗ ಬೆನ್ನುಚೀಲಕ್ಕೆ ತೂಗುಹಾಕಿದಲ್ಲಿ ಅದರ ಅಲ್ಪ ಭಾಗ ಮಾತ್ರ ದೊರೆಯುತ್ತದೆ. ಲಡಾಖಿನಂತಹ ಬಯಲು ಬಿಸಿಲಿನ ಪ್ರದೇಶದಲ್ಲಿ, ಮಧ್ಯಾಹ್ನವೇ ತಂಗುದಾಣ ತಲುಪುವವರಿಗೆ ಇದು ಉಪಯುಕ್ತ. ಪಶ್ಚಿಮ ಘಟ್ಟದ ದಟ್ಟ ಕಾಡಿನ ನೆರಳಿನಲ್ಲಿ ಮತ್ತು ಮಳೆಗಾಲದಲ್ಲಿ ಇದನ್ನು ನಂಬುವಂತಿಲ್ಲ. ಮೋಡ ಬಂದಾಗ ಚಾರ್ಜ್ ನಿಂತು ನಿಂತು ಆಗುವುದರಿಂದ, ಫಲಕದಿಂದ ಪವರ್ ಬ್ಯಾಂಕನ್ನು ತುಂಬಿ, ಅದರಿಂದ ಮೊಬೈಲನ್ನು ತುಂಬುವುದು ಸೂಕ್ತ.

ದಾರಿಯ ಹಳ್ಳಿಗಳ ಮನೆ ಮತ್ತು ಚಹಾ ಅಂಗಡಿಗಳಲ್ಲಿ ಚಾರ್ಜ್ ಮಾಡಿಕೊಳ್ಳುವಾಗ ಮೊದಲು ಅನುಮತಿ ಕೇಳಿ, ಅವರು ಹೇಳಿದ ಶುಲ್ಕವನ್ನು ನೀಡುವುದು. ಅಂತಹ ಮನೆಗಳಲ್ಲಿ ರಾತ್ರಿಯ ದೀಪಕ್ಕೂ ಅದೇ ಸೌರ ಬ್ಯಾಟರಿಯೇ ಆಧಾರವಾಗಿರಬಹುದು ಎಂಬುದನ್ನು ಮರೆಯಬಾರದು. ಸಮಯ ಕಡಿಮೆಯಿದ್ದಲ್ಲಿ ಪವರ್ ಬ್ಯಾಂಕಿಗಿಂತ ಮೊದಲು ಮೊಬೈಲನ್ನು ತುಂಬುವುದು.

9. ಮೀಸಲು ಚಾರ್ಜಿನ ಬಳಕೆ: ತುರ್ತು ಸಂದರ್ಭ

(ಅ) ದೇಶದ ತುರ್ತು ಸಹಾಯ ಸಂಖ್ಯೆ 112. ಸ್ವಂತ ಕಂಪನಿಯ ಸಂಕೇತ ಇಲ್ಲದಿದ್ದರೂ ಬೇರೆ ಕಂಪನಿಯ ಸಂಕೇತ ಇರುವೆಡೆ ಈ ಕರೆ ಸಾಗುವ ಅವಕಾಶವಿದೆ. ಯಾವ ಸಂಕೇತವೂ ಇಲ್ಲದಿದ್ದಲ್ಲಿ ಸಾಗುವುದಿಲ್ಲ.

(ಆ) ಕಣಿವೆಯ ತಳದಲ್ಲಿ ನಿಂತು ಪದೇ ಪದೇ ಪ್ರಯತ್ನಿಸುವುದರಿಂದ ಮೀಸಲು ವ್ಯರ್ಥವಾಗುತ್ತದೆ. ಸುರಕ್ಷಿತವಾಗಿ ತಲುಪಬಹುದಾದ ತೆರೆದ ಎತ್ತರದ ಸ್ಥಳದಲ್ಲಿ ಪ್ರಯತ್ನಿಸಿ, ಸಾಧ್ಯವಾಗದಿದ್ದಲ್ಲಿ ಮತ್ತೆ ಏರೋಪ್ಲೇನ್ ಮೋಡ್‌ಗೆ ಹಾಕುವುದು.

(ಇ) ಸಂಕೇತ ದುರ್ಬಲವಾಗಿದ್ದು ಮಾತು ಸಾಗದಿದ್ದಲ್ಲಿ ಎಸ್ಎಂಎಸ್ ಕಳುಹಿಸುವುದು. ಅದರಲ್ಲಿ ಸ್ಥಳದ ಅಕ್ಷಾಂಶ ಮತ್ತು ರೇಖಾಂಶ, ಜನರ ಸಂಖ್ಯೆ, ಗಾಯ ಅಥವಾ ಕಾಯಿಲೆಯ ಸ್ವರೂಪ ಹಾಗೂ ಬ್ಯಾಟರಿಯ ಉಳಿಕೆ ತಿಳಿಸುವುದು. ಮುಂದೆ ಯಾವ ಸಮಯದಲ್ಲಿ ಮೊಬೈಲನ್ನು ಮತ್ತೆ ಚಾಲನೆಗೊಳಿಸಲಾಗುವುದು ಎಂಬುದನ್ನೂ ತಿಳಿಸಿದಲ್ಲಿ ರಕ್ಷಣಾ ಸಿಬ್ಬಂದಿ ಆ ವೇಳೆಗೆ ಸಂಪರ್ಕಿಸಬಹುದು.

(ಈ) ವಿದೇಶಗಳಲ್ಲಿ ಚಾರಣಿಗರು ಬಳಸುವ ಉಪಗ್ರಹ ದೂರವಾಣಿ ಹಾಗೂ ಉಪಗ್ರಹ ಸಂದೇಶ ಸಾಧನಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಹೊಂದುವಂತಿಲ್ಲ. ಆದುದರಿಂದ ಸಾಮಾನ್ಯ ಚಾರಣಿಗರಿಗೆ ಮೊಬೈಲಿನ ಮೀಸಲೇ ಮುಖ್ಯ ಆಧಾರ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಾತ್ರಿ ಏರೋಪ್ಲೇನ್ ಮೋಡ್ ಸಾಕೇ, ಪೂರ್ತಿ ಆರಿಸಬೇಕೇ?
ಉತ್ತರ: ಎಂಟು ಗಂಟೆಗಳ ನಿದ್ರೆಯ ಅವಧಿಗೆ ಪೂರ್ತಿ ಆರಿಸುವುದು ಉತ್ತಮ. ಹಗಲಿನಲ್ಲಿ ಪದೇ ಪದೇ ಆರಿಸಿ ಹೊತ್ತಿಸುವುದರಿಂದ ಉಳಿತಾಯವಾಗದು. ಆಗ ಏರೋಪ್ಲೇನ್ ಮೋಡ್ ಸಾಕು.

ಪ್ರಶ್ನೆ: 20,000 ಎಂಎಎಚ್‌ನ ಒಂದು ಪವರ್ ಬ್ಯಾಂಕ್ ಒಳ್ಳೆಯದೋ, 10,000 ಎಂಎಎಚ್‌ನ ಎರಡು ಒಳ್ಳೆಯದೋ?
ಉತ್ತರ: ಎರಡು ಇದ್ದಲ್ಲಿ ಒಂದು ಕೆಟ್ಟರೂ ನೆನೆದರೂ ಮತ್ತೊಂದು ಉಳಿಯುತ್ತದೆ. ಇಬ್ಬರ ಚೀಲಗಳಲ್ಲಿ ಹಂಚಿ ಇಡಬಹುದು. ಕೇಬಲ್ ಕೂಡ ಎರಡು ಇರತಕ್ಕದ್ದು.

ಪ್ರಶ್ನೆ: ಮನೆಯವರಿಗೆ ಪ್ರತಿದಿನ ಕರೆ ಮಾಡಬೇಕೇ?
ಉತ್ತರ: ಅಗತ್ಯವಿಲ್ಲ. ಯಾವ ದಿನಗಳಲ್ಲಿ ಸಂಪರ್ಕ ಸಿಗುವುದಿಲ್ಲ, ಯಾವ ದಿನಾಂಕದವರೆಗೆ ಸುದ್ದಿ ಬಾರದಿದ್ದಲ್ಲಿ ಯಾರಿಗೆ ತಿಳಿಸಬೇಕು ಎಂಬುದನ್ನು ಹೊರಡುವ ಮುನ್ನವೇ ಮನೆಯವರಿಗೆ ಬರೆದುಕೊಟ್ಟಿರತಕ್ಕದ್ದು. ಮೊಬೈಲ್ ಪೂರ್ತಿ ಬರಿದಾದರೂ ಈ ಕಾಗದ ಕೆಲಸ ಮಾಡುತ್ತದೆ.

ಚಾರಣಕ್ಕೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ತಂಡದ ಎಲ್ಲ ಸದಸ್ಯರಿಗೂ ಓದಿ ತಿಳಿಸಿ, ಕಂಡಿಕೆ 3ರಲ್ಲಿನ ಲೆಕ್ಕವನ್ನು ತಮ್ಮ ತಮ್ಮ ಮೊಬೈಲಿಗೆ ಅನ್ವಯಿಸಿ ಬರೆದುಕೊಂಡು ಹೊರಡಲು ಕೋರಲಾಗಿದೆ.