ಪಿಕ್ನಿಕ್‌ಗೆ ಹೊರಟ ಹಡಗು ಮತ್ತು ಆರು ಹೆಣ್ಣುಮಕ್ಕಳ ಕೋಣೆ

ಆಫೀಸಿನಿಂದ ‘ಶನಿವಾರ ಟೀಮ್ ಔಟಿಂಗ್, ಎಲ್ಲರೂ ಬರಲೇಬೇಕು’ ಅಂತ ಮೇಲ್ ಬಂದಾಗ ಕೆಲವರಿಗೆ ಖುಷಿ, ಕೆಲವರಿಗೆ ‘ರಜೆಯೂ ಹೋಯ್ತಲ್ಲ’ ಅನ್ನೋ ಸಂಕಟ. ಇದರಿಂದ ನಿಜವಾಗಿ ಏನಾದರೂ ಉಪಯೋಗ ಇದೆಯಾ? ಉತ್ತರ ಹುಡುಕೋಕೆ ಇವತ್ತು ಅಮೆರಿಕದ ಶಿಕಾಗೊ ಪಕ್ಕದ ಒಂದು ಕಾರ್ಖಾನೆಗೆ ಹೋಗೋಣ. ಹೆಸರು ಹಾಥಾರ್ನ್ ವರ್ಕ್ಸ್. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಅಲ್ಲಿ ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿತ್ತು.

1915ರ ಜುಲೈ 24, ಶನಿವಾರ. ಕಂಪನಿಯ ವಾರ್ಷಿಕ ಪಿಕ್ನಿಕ್. ಮಿಷಿಗನ್ ಸರೋವರ ದಾಟಿ ಇಂಡಿಯಾನಾದ ಮಿಷಿಗನ್ ಸಿಟಿಗೆ ಹೋಗೋಕೆ ಐದು ಹಡಗು ಗೊತ್ತು ಮಾಡಿದ್ದರು. ಕಾರ್ಮಿಕರಲ್ಲಿ ಅನೇಕರು ಯೂರೋಪಿನಿಂದ ವಲಸೆ ಬಂದ ಬಡವರು, ಅದರಲ್ಲೂ ಚೆಕ್ ಜನ ಬಹಳ. ಅವರ ಪಾಲಿಗೆ ಇದು ಊರಹಬ್ಬ ಇದ್ದ ಹಾಗೆ. ಒಳ್ಳೆ ಬಟ್ಟೆ ಹಾಕ್ಕೊಂಡು, ಹೆಂಡತಿ ಮಕ್ಕಳನ್ನು ಕರ್ಕೊಂಡು ಬೆಳಿಗ್ಗೆಯೇ ಬಂದಿದ್ದರು.

ಮೊದಲು ತುಂಬಿದ್ದು ಈಸ್ಟ್‌ಲ್ಯಾಂಡ್ ಹಡಗು. ಅದರಲ್ಲಿ 2,500ಕ್ಕೂ ಹೆಚ್ಚು ಜನ. ಮೇಲ್ಭಾರದ ಹಡಗು, ವಾಲುತ್ತದೆ ಅನ್ನೋ ದೂರು ಮೊದಲಿಂದಲೂ ಇತ್ತು. ಟೈಟಾನಿಕ್ ದುರಂತದ ನಂತರ ಬಂದ ಸುರಕ್ಷತಾ ನಿಯಮಕ್ಕಾಗಿ ಹೆಚ್ಚುವರಿ ಜೀವರಕ್ಷಕ ದೋಣಿಗಳನ್ನು ಹೇರಿದ್ದರಿಂದ ಭಾರ ಇನ್ನೂ ಜಾಸ್ತಿಯಾಗಿತ್ತು. ಏಳೂವರೆ ಸುಮಾರಿಗೆ, ದಡ ಬಿಡೋ ಮೊದಲೇ, ಹಡಗು ಶಿಕಾಗೊ ನದಿಯಲ್ಲಿ ಪಕ್ಕಕ್ಕೆ ಮಗುಚಿಕೊಂಡಿತು. ಕಟ್ಟೆ ಕೈಗೆಟಕುವಷ್ಟು ಹತ್ತಿರ, ನೀರಿನ ಆಳ ಸುಮಾರು 20 ಅಡಿ ಅಷ್ಟೇ. ಆದರೂ ಸತ್ತವರು 844 ಜನ. 22 ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ.

ಇದೇ ಕಾರ್ಖಾನೆಗೆ ಚರಿತ್ರೆಯಲ್ಲಿ ಇನ್ನೊಂದು ಜಾಗವೂ ಇದೆ. 1924ರಲ್ಲಿ ಇಲ್ಲಿ, ಬೆಳಕು ಜಾಸ್ತಿ ಮಾಡಿದರೆ ಕೆಲಸ ಜಾಸ್ತಿ ಆಗುತ್ತಾ ಅಂತ ಪ್ರಯೋಗ ಶುರುವಾಯಿತು. ಸ್ಪಷ್ಟ ಉತ್ತರ ಸಿಗಲಿಲ್ಲ. 1927ರಲ್ಲಿ ಆರು ಹೆಣ್ಣುಮಕ್ಕಳನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರು. ಐವರು ಟೆಲಿಫೋನ್ ರಿಲೇ ಜೋಡಿಸೋದು, ಒಬ್ಬರು ಬಿಡಿಭಾಗ ಒದಗಿಸೋದು. ನಡುನಡುವೆ ವಿರಾಮ, ತಿಂಡಿ, ಬೇಗ ಮನೆಗೆ ಹೋಗೋ ಅವಕಾಶ, ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿದರು. ಉತ್ಪಾದನೆ ಕಾಲಕ್ರಮೇಣ ಶೇಕಡಾ 30ರಷ್ಟು ಏರಿತು. ಹಾರ್ವರ್ಡ್‌ನ ಎಲ್ಟನ್ ಮೇಯೊ ಹೇಳಿದ್ದು: ಅವರು ಒಂದು ತಂಡವಾದರು, ಅದೇ ಗುಟ್ಟು. ಒಬ್ಬಳಿಗೆ ಸುಸ್ತಾದರೆ ಇನ್ನೊಬ್ಬಳು ಕೈ ಚುರುಕು ಮಾಡ್ತಿದ್ದಳು, ಕೆಲಸದಾಚೆಗೂ ಸ್ನೇಹ ಬೆಳೆಯಿತು. ಇವತ್ತಿನ ಟೀಮ್ ಬಿಲ್ಡಿಂಗ್ ಬೇರು ಇಲ್ಲಿದೆ.

ಆದರೆ ಕಥೆಯಲ್ಲಿ ಎರಡು ವಿಷಯ ಮರೆತು ಹೋಗುತ್ತವೆ. ಒಂದು, ಸಹಕರಿಸಲಿಲ್ಲ ಅಂತ ಇಬ್ಬರನ್ನು ನಡುವೆಯೇ ಬದಲಾಯಿಸಿದ್ದರು. ಎರಡು, ಸಂಬಳದ ಲೆಕ್ಕ. ಮೊದಲು ನೂರು ಜನರ ದೊಡ್ಡ ಗುಂಪಿನ ದುಡಿಮೆ ಮೇಲೆ ಕೂಲಿ, ಈಗ ಈ ಪುಟ್ಟ ಗುಂಪಿನ ಮೇಲೆ. ಹೆಚ್ಚು ದುಡಿದರೆ ಫಲ ನೇರ ಅವರ ಕೈಗೇ ಬರ್ತಿತ್ತು.

1931ರಲ್ಲಿ ಇನ್ನೊಂದು ಕೋಣೆ, 14 ಗಂಡಸರು. ಇವರದೂ ಗಟ್ಟಿ ತಂಡವೇ! ಆದರೆ ‘ದಿನಕ್ಕೆ ಇಷ್ಟೇ ಕೆಲಸ’ ಅಂತ ತಾವೇ ಮಿತಿ ಹಾಕ್ಕೊಂಡರು. ಮೀರಿದವನ ತೋಳಿಗೆ ಗುದ್ದು. ಯಾಕೆ? ಆರ್ಥಿಕ ಕುಸಿತದ ಕಾಲ. ಜಾಸ್ತಿ ಮಾಡಿದರೆ ಕೂಲಿ ದರ ಇಳಿಸ್ತಾರೆ, ಕೆಲಸದಿಂದ ತೆಗೀತಾರೆ ಅನ್ನೋ ಭಯ.

ಅಂದ್ರೆ ಒಗ್ಗಟ್ಟು ಎರಡೂ ಕೋಣೆಯಲ್ಲಿತ್ತು. ಒಂದು ಕಡೆ ಅದು ಕಂಪನಿಯ ಪರ ಕೆಲಸ ಮಾಡಿತು, ಇನ್ನೊಂದು ಕಡೆ ಕಂಪನಿಯಿಂದ ತಮ್ಮನ್ನು ಕಾಪಾಡಿಕೊಳ್ಳೋಕೆ. ವ್ಯತ್ಯಾಸ ಇದ್ದದ್ದು ನಂಬಿಕೆಯಲ್ಲಿ. ಜೊತೆಗೆ ಕೂತು ಉಂಡ ಒಂದು ದಿನ ಪರಿಚಯ ಬೆಳೆಸುತ್ತೆ, ಅದು ಸುಳ್ಳಲ್ಲ. ಆ ಪಿಕ್ನಿಕ್‌ಗೆ ಮಕ್ಕಳನ್ನೂ ಎತ್ತಿಕೊಂಡು ಓಡಿ ಬಂದವರಿಗೆ ಅದರ ಬೆಲೆ ಗೊತ್ತಿತ್ತು. ಆದರೆ ಕರ್ಕೊಂಡು ಹೋಗೋ ಹಡಗು ಗಟ್ಟಿ ಇದೆಯಾ ಅಂತ ನೋಡೋ ಜವಾಬ್ದಾರಿ ಕರೆದವರದ್ದು. ಶನಿವಾರದ ಔಟಿಂಗ್‌ಗೂ ಅದೇ ಮಾತು, ಸೋಮವಾರದ ಕೆಲಸಕ್ಕೂ ಅದೇ ಮಾತು.