ಮ್ಯಾಂಡರಿನ್ ಮೀನು

ಪಶ್ಚಿಮ ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ, ಜಪಾನಿನ ರ್ಯೂಕ್ಯೂ ದ್ವೀಪಗಳಿಂದ ಆಸ್ಟ್ರೇಲಿಯದವರೆಗೆ ವಾಸಿಸುವ ಪುಟ್ಟ ಮೀನು. ವೈಜ್ಞಾನಿಕ ಹೆಸರು ಸಿಂಕಿರೋಪಸ್ ಸ್ಪ್ಲೆಂಡಿಡಸ್. ಫಿಲಿಪ್ಪೀನ್ಸ್‌ನಲ್ಲಿ ಸಿಕ್ಕ ಮೀನನ್ನು ಆಧರಿಸಿ ಆಲ್ಬರ್ಟ್ ಹೆರ್ರೆ 1927ರಲ್ಲಿ ಇದನ್ನು ಮೊದಲು ವಿವರಿಸಿದ. ಉದ್ದ ಸಾಮಾನ್ಯವಾಗಿ 6–8 ಸೆಂ.ಮೀ. ನೀಲಿ ಮೈಮೇಲೆ ಕಿತ್ತಳೆ ಬಣ್ಣದ ಅಲೆಗೆರೆಗಳು. ಬಹುತೇಕ ಮೀನುಗಳ ನೀಲಿ ಬೆಳಕಿನ ಪ್ರತಿಫಲನದಿಂದ ಮೂಡಿದ್ದು. ಇದರ ನೀಲಿ ಮಾತ್ರ ಚರ್ಮದ ಕೋಶಗಳಲ್ಲಿರುವ ನಿಜವಾದ ವರ್ಣದ್ರವ್ಯ. ಹುರುಪೆಗಳಿಲ್ಲ, ದುರ್ವಾಸನೆಯ ಲೋಳೆಯೇ ರಕ್ಷಾಕವಚ.

ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಇದನ್ನು ಸಾಕುವ ಕಷ್ಟವೆಲ್ಲ ಆಹಾರದ್ದು. ಕಲ್ಲುಗಳ ಮೇಲೆ ಹರಿದಾಡುವ ಕೋಪಿಪಾಡ್‌ನಂಥ ಸೂಕ್ಷ್ಮ ಕಠಿಣಚರ್ಮಿಗಳನ್ನು ಹಗಲಿಡೀ ಹೆಕ್ಕುತ್ತ ತಿನ್ನುವ ಇದು ಒಣ ಆಹಾರದ ಕಡೆ ಹೆಚ್ಚಾಗಿ ತಿರುಗಿಯೂ ನೋಡದು. ಹೊಸ ತೊಟ್ಟಿಯಲ್ಲಿ ಬಿಟ್ಟರೆ ಇರುವ ಕೋಪಿಪಾಡ್‌ಗಳನ್ನು ಮುಗಿಸಿ ಉಪವಾಸ ಬೀಳುತ್ತದೆ. ಹೊಟ್ಟೆ ಒಳಸರಿದಿರುವುದು ಅದರ ಮೊದಲ ಕುರುಹು. ಅಂಗಡಿಯಲ್ಲೇ ಹಾಗಿರುವ ಮೀನನ್ನು, ಬಣ್ಣ ಎಷ್ಟೇ ಸೆಳೆದರೂ, ಕೊಳ್ಳಬಾರದು. ಜೀವಂತ ಕಲ್ಲು (ಸೂಕ್ಷ್ಮಜೀವಿಗಳು ನೆಲೆಸಿರುವ ದಿಬ್ಬದ ಕಲ್ಲು) ಹೇರಳವಾಗಿದ್ದು ಕನಿಷ್ಠ ಆರು ತಿಂಗಳು ಹಳೆಯದಾದ, 250 ಲೀಟರಿಗೂ ದೊಡ್ಡ ತೊಟ್ಟಿ ಲೇಸು. ಕೋಪಿಪಾಡ್‌ಗಳು ಬೇಟೆಗೆ ಸಿಗದೆ ಸಂತಾನ ಬೆಳೆಸಲು ಪಕ್ಕದಲ್ಲೊಂದು ಪ್ರತ್ಯೇಕ ಪಾಚಿಕೋಣೆ ಇದ್ದರೆ ಇನ್ನೂ ಒಳಿತು. ಸೆರೆಯಲ್ಲೇ ಹುಟ್ಟಿ ಬೆಳೆದವು ಹೆಪ್ಪುಗಟ್ಟಿಸಿದ ಆಹಾರಕ್ಕೆ ಬೇಗ ಒಗ್ಗುತ್ತವೆ.

ನೀರಿನ ಉಷ್ಣತೆ 24–26 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇರಬೇಕು. ಗಂಡುಗಳು ಪರಸ್ಪರ ಕಾದಾಡುವುದರಿಂದ ಒಂದೇ ಗಂಡು ಸಾಕು. ಬೆನ್ನಿನ ಮೊದಲ ರೆಕ್ಕೆಯ ನೀಳ ಮುಳ್ಳಿನಿಂದ ಅದನ್ನು ಗುರುತಿಸಬಹುದು. ಜೋಡಿ ಹೊಂದಿಕೊಂಡರೆ ಮುಸ್ಸಂಜೆ ಮೈಗೆ ಮೈ ತಾಗಿಸಿ ಮೇಲೇರಿ ಮೊಟ್ಟೆ ಬಿಡುತ್ತವೆ.